ದೊಡ್ಡವ್ವ ಕೇಳುವುದನ್ನು ಬಿಟ್ಟಳು

ಮಳೆಗಾಲ ಮುಗಿಯುತ್ತ ಬಂದಿದ್ದರೆ, ಬಸ್ಸು ಬಿಳಿಕೆರೆ ದಾಟಿದ ಮೇಲೆ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ಬರುತ್ತದೆ. ಈ ಕಡೆಯವರಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಒಣಹುಲ್ಲು, ಬೆಲ್ಲ, ಸೌದೆಯ ಹೊಗೆ ಎಲ್ಲ ಸೇರಿದ ಬೆಚ್ಚನೆಯ ವಾಸನೆ. ನಾನು ಹುಣಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುವವಳು, ವರ್ಷವೆಲ್ಲ ಇದೇ ದಾರಿಯಲ್ಲಿ ಓಡಾಡುತ್ತೇನೆ. ಹೋದ ವರ್ಷ ಒಂದು ದಿನ ಈ ವಾಸನೆ ಬರುವ ಹೊತ್ತಿಗೆ ಸರಿಯಾಗಿ ಮುಂದಿನ ಸೀಟಿನ ಮಗುವೊಂದು ಕಿಟಕಿಯಿಂದ ತಲೆ ಹೊರಗೆ ಹಾಕಿತು. ತಾಯಿ ಅದನ್ನು ಒಳಗೆಳೆದು ಕೆನ್ನೆಗೆ ಒಂದು ಕೊಟ್ಟಳು. ಪಕ್ಕದಲ್ಲಿದ್ದ ಮುದುಕಿ, "ಎಳೆ ಕೂಸಿಗೆ ಯಾಕವ್ವ ಅಂಗೆ ಒಡೀತೀಯ" ಅಂದಳು. "ನನ್ ಮಗು, ನಂಗೊತ್ತು ಬುಡಿ" ಅಂದಳು ತಾಯಿ. ಮುದುಕಿ ಹುಣಸೂರು ಬರುವ ತನಕ ಹೊರಗೇ ನೋಡುತ್ತ ಕೂತಳು. ಇಬ್ಬರದೂ ತಪ್ಪಲ್ಲ ಅಂತ ನನಗೆ ಅನಿಸಿತು. ಆ ವಾಸನೆ ಮಾತ್ರ ನನ್ನನ್ನು ಹನಗೋಡಿನ ಕಡೆಯ ನಮ್ಮ ಹಳೆಯ ಮನೆಯ ಹಿತ್ತಲಿಗೆ ಎಳೆದುಕೊಂಡು ಹೋಯಿತು.

ಆ ಮನೆ ಈಗಿಲ್ಲ. ಹೆಂಚಿನ ಮನೆ, ಉದ್ದನೆಯ ಜಗಲಿ, ಹಿತ್ತಲಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಬ್ಯಾರನ್ನು ಅಂದರೆ ಕಿಟಕಿಯಿಲ್ಲದ, ಎತ್ತರದ, ಮಣ್ಣಿನ ಗೋಡೆಯ ಕೋಣೆ. ಹೊರಗಿನಿಂದ ಸೌದೆ ಒಟ್ಟುವ ಒಲೆ, ಒಳಗೆ ಬಿಸಿ ಹರಿಯುವ ತಗಡಿನ ಕೊಳವೆ, ಮೇಲೆ ಸಾಲುಸಾಲಾಗಿ ಹಸಿ ಸೊಪ್ಪು ಕಟ್ಟಿ ನೇತುಹಾಕಿದ ಕಡ್ಡಿಗಳು. ಮನೆಯಲ್ಲಿ ಇದ್ದವರು ಅಪ್ಪ, ಅವ್ವ, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವನ ಹೆಂಡತಿ ದೊಡ್ಡವ್ವ, ನಾನು ಮತ್ತು ನನ್ನ ತಂಗಿ ಗೌರಿ. ದೊಡ್ಡವ್ವನಿಗೆ ಮಕ್ಕಳಾಗಿರಲಿಲ್ಲ. ಆದರೆ ಆ ವಿಷಯ ನಮಗೆ ಬಹಳ ದಿನ ಗೊತ್ತೇ ಇರಲಿಲ್ಲ ಅಂದರೆ ನೀವು ನಂಬಬೇಕು. ನಮ್ಮ ಮನೆಯಲ್ಲಿ ಮಗು ಯಾರ ಕಣ್ಣಿಗೆ ಮೊದಲು ಬಿತ್ತೋ ಅವರದು. ತಲೆ ಬಾಚುವವರೂ ಅವರೇ, ತಪ್ಪು ಮಾಡಿದರೆ ಕೇಳುವವರೂ ಅವರೇ. ಹಿಂದಿನ ಮನೆಗಳೆಲ್ಲ ಹೀಗೇ ಇದ್ದವಲ್ಲ, ಬೀದಿಯಲ್ಲಿ ಹೋಗುವವರೂ ಕಿವಿ ಹಿಂಡಿ ಹೋಗುತ್ತಿದ್ದರು.

ಅವ್ವನದು ಹೊಡೆಯುವ ಕೈ. ಬಾಗಿಲ ಮೇಲಿನ ಸಂದಿಯಲ್ಲಿ ಬರಲು, ಅಂದರೆ ಎಲೆ ಸವರಿದ ಹುಣಸೆಯ ಕೋಲು, ಸದಾ ಸಿದ್ಧವಾಗಿರುತ್ತಿತ್ತು. ಸಿಟ್ಟು ಬಂದರೆ ಅವಳು ವಿಚಾರಣೆಗೆ ಹೊತ್ತು ಕಳೆಯುತ್ತಿರಲಿಲ್ಲ. ಎರಡು ಬಿಟ್ಟಳೆಂದರೆ ಕಾಲಿನ ಮೇಲೆ ಬಾಸುಂಡೆ, ಆಮೇಲೆ ಎಲ್ಲ ಮರೆತು, ಅರ್ಧ ಗಂಟೆಯೊಳಗೆ "ಬಾ, ಮುದ್ದೆ ಆರೋಯ್ತದೆ" ಎಂದು ಕರೆಯುತ್ತಿದ್ದಳು. ಆ ಬಾಸುಂಡೆಗೆ ಕೊಬ್ಬರಿ ಎಣ್ಣೆ ಹಚ್ಚುವವಳೂ ಅವಳೇ. ನಾವು ಅವಳಿಗೆ ಹೆದರುತ್ತಿದ್ದೆವು, ಆದರೆ ಅದು ಮಳೆಗೆ ಹೆದರಿದ ಹಾಗೆ, ಬಂದು ಹೋಗುವ ಹೆದರಿಕೆ. ಅಪ್ಪ ನಮ್ಮನ್ನು ತಿದ್ದುವ ತಂಟೆಗೇ ಬರಲಿಲ್ಲ, ಒಮ್ಮೆ ಕೆಮ್ಮಿದರೆ ತನ್ನ ಪಾಲಿನ ಕರ್ತವ್ಯ ಮುಗಿಯಿತು ಅಂದುಕೊಂಡಿದ್ದ. ದೊಡ್ಡಪ್ಪನೋ, ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಒಲೆಯ ಮುಂದೆ, ಉಳಿದ ಕಾಲದಲ್ಲಿ ಹಿಂದಿನ ವರ್ಷದ ಬ್ಯಾರನ್ನಿನ ಮಾತಿನಲ್ಲಿ ಮುಳುಗಿರುತ್ತಿದ್ದ.

ನಾವು ನಿಜವಾಗಿ ತಪ್ಪಿಸಿಕೊಳ್ಳಲು ನೋಡುತ್ತಿದ್ದುದು ದೊಡ್ಡವ್ವನಿಂದ. ಅವಳು ಒಂದು ದಿನವೂ ಕೈ ಎತ್ತಿದವಳಲ್ಲ, ದನಿ ಏರಿಸಿದವಳೂ ಅಲ್ಲ. ತಪ್ಪು ಮಾಡಿದವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ನಾಲ್ಕು ಸೊಪ್ಪು ಕೊಟ್ಟು, ತಾನೂ ಕಡ್ಡಿಗೆ ಸೊಪ್ಪು ಕಟ್ಟುತ್ತ, "ಮೊದ್ಲಿಂದ ಯೋಳವ್ವ" ಅನ್ನುತ್ತಿದ್ದಳು. ನಾವು ಹೇಳಬೇಕು. ಹೇಳಿ ಮುಗಿಸಿದರೆ ಒಂದು ಕಡ್ಡಿ ತುಂಬ ಸೊಪ್ಪು ಕಟ್ಟಿ ಮುಗಿಸಿ, "ಇನ್ನೊಂದ್ ಸಲ ಯೋಳು, ನಂಗೆ ಸರ್ಯಾಗಿ ತಿಳೀನಿಲ್ಲ" ಅನ್ನುವಳು. ಮೊದಲ ಸಲ ಹೇಳಿದ್ದರಲ್ಲಿ ನಾಯಿ, ಗಾಳಿ, ಪಕ್ಕದ ಮನೆಯ ಹುಡುಗ ಎಲ್ಲರೂ ಇರುತ್ತಿದ್ದರು. ಎರಡನೆಯ ಸಲಕ್ಕೆ ನಾಯಿ ಬಿದ್ದುಹೋಗುತ್ತಿತ್ತು. ಕೊನೆಗೆ ಉಳಿಯುತ್ತಿದ್ದುದು ನಾವು ಮತ್ತು ನಮ್ಮ ತಪ್ಪು ಮಾತ್ರ. ಅಷ್ಟರಲ್ಲಿ ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿ ಬೆರಳೆಲ್ಲ ಕಪ್ಪಾಗಿರುತ್ತಿತ್ತು, ಎಷ್ಟು ತೊಳೆದರೂ ರಾತ್ರಿ ಊಟದ ತುತ್ತು ಕಹಿ. ಅವಳು ಬುದ್ಧಿ ಹೇಳುತ್ತಲೂ ಇರಲಿಲ್ಲ. "ಸರಿ, ಓಗು" ಅನ್ನುತ್ತಿದ್ದಳು, ಅಷ್ಟೇ. "ಇದ್ಕಿಂತ ಅವ್ವ ಎರಡೇಟು ಬುಡೋದೇ ವಾಸಿ ಕಣೆ" ಎಂದು ಗೌರಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅವ್ವನಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು. "ನಿಮ್ ದೊಡ್ಡವ್ವುಂದು ಕೋರ್ಟು" ಅನ್ನುತ್ತಿದ್ದಳು. ಇಬ್ಬರ ರೀತಿ ಬೇರೆಯಾದರೂ ಅದಕ್ಕಾಗಿ ಅವರು ಜಗಳವಾಡಿದ್ದನ್ನು ನಾನು ನೋಡಿರಲಿಲ್ಲ.

ಆ ವರ್ಷ ಗೌರಿಗೆ ಏಳೋ ಎಂಟೋ ವಯಸ್ಸು. ಬ್ಯಾರನ್ನಿಗೆ ಸೊಪ್ಪು ತುಂಬಿ ಎರಡನೆಯ ದಿನ. ಮೊದಲ ದಿನಗಳಲ್ಲಿ ಒಲೆಗೆ ಸಣ್ಣ ಬೆಂಕಿ ಮಾತ್ರ ಇರಬೇಕು, ಹಸಿರು ಸೊಪ್ಪು ನಿಧಾನವಾಗಿ ಹಳದಿಗೆ ತಿರುಗಬೇಕು. ಆಮೇಲೆ ಬೆಂಕಿ ಏರಿಸುವುದು. ಆತುರಪಟ್ಟು ಮೊದಲೇ ಬಿಸಿ ಏರಿಸಿದರೆ ಸೊಪ್ಪಿನಲ್ಲಿ ಹಸಿರು ಹಾಗೇ ಕೂತುಬಿಡುತ್ತದೆ, ಮತ್ತೆ ಏನು ಮಾಡಿದರೂ ಬಣ್ಣ ಬರುವುದಿಲ್ಲ. ಒಲೆ ಕಾಯುತ್ತಿದ್ದ ದೊಡ್ಡಪ್ಪ ಮಧ್ಯಾಹ್ನ ಉಂಡು ಜಗಲಿಯಲ್ಲಿ ಸ್ವಲ್ಪ ಅಡ್ಡಾದ. ಬ್ಯಾರನ್ನಿನ ಒಲೆಯಲ್ಲಿ ಮುಸುಕಿನ ಜೋಳ, ಗೆಣಸು ಸುಟ್ಟು ತಿನ್ನುವುದು ನಮ್ಮ ಕಡೆಯ ಮಕ್ಕಳಿಗೆಲ್ಲ ಅಭ್ಯಾಸ, ದೊಡ್ಡಪ್ಪನೇ ಕೆಂಡ ಎಳೆದು ಸುಟ್ಟುಕೊಡುತ್ತಿದ್ದ. ಆ ದಿನ ಗೌರಿ ತಾನೇ ಒಂದು ತೆನೆ ಹಿಡಿದು ಹೋದಳು. ಸಣ್ಣ ಬೆಂಕಿಯಲ್ಲಿ ಕೆಂಡ ಸಾಲದು. ಹಾಗಾಗಿ ಅಲ್ಲೇ ಬಿದ್ದಿದ್ದ ತೆಂಗಿನ ಗರಿ, ತೊಗರಿ ಕಡ್ಡಿ, ಸೌದೆ ಕೈಗೆ ಸಿಕ್ಕಿದ್ದನ್ನೆಲ್ಲ ಒಲೆಗೆ ತುರುಕಿದಳು. ಬೆಂಕಿ ಭುಗಿಲೆದ್ದಿತು. ಅವಳು ಜೋಳ ಸುಟ್ಟುಕೊಂಡು ತಿನ್ನುತ್ತ ಆಟಕ್ಕೆ ಹೋದಳು. ದೊಡ್ಡಪ್ಪ ಎದ್ದು ಬಂದು, ಒಳಗಿನ ಸೊಪ್ಪು ನೋಡಲೆಂದು ಗೋಡೆಯಲ್ಲಿಟ್ಟಿದ್ದ ಅಂಗೈಯಗಲದ ಗಾಜಿನ ಕಿಂಡಿಯಲ್ಲಿ ಇಣುಕಿದರೆ, ಸೊಪ್ಪಿನಲ್ಲಿ ಹಸಿರು ಹಾಗೇ ಕೂತು ಇಡೀ ಬ್ಯಾರನ್ನು ಹಾಳಾಗಿತ್ತು. ಅವನು ಗೋಡೆಗೆ ಒರಗಿ ಕೂತುಬಿಟ್ಟ.

ಯಾರ ಕೆಲಸ ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಗೌರಿ "ನಾನ್ ಆ ಕಡೀಕೇ ಓಗಿಲ್ಲ" ಅನ್ನುವಾಗ ಅವಳ ತುಟಿಯ ಸುತ್ತ ಸುಟ್ಟ ಜೋಳದ ಮಸಿ ಮೀಸೆಯ ಹಾಗೆ ಹತ್ತಿತ್ತು. ದೊಡ್ಡವ್ವ ನಗಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬ್ಯಾರನ್ನಿನಲ್ಲಿ ಹಿಡಿಸದೆ ಉಳಿದಿದ್ದ ಸೊಪ್ಪನ್ನು ಕಟ್ಟುತ್ತ, ಮೊದಲಿಂದ ಹೇಳು ಅಂದಳು. ಗೌರಿಯ ಕಥೆಯಲ್ಲಿ ಇನ್ನೂ ಗಾಳಿ ಬೀಸುತ್ತಿರುವಾಗಲೇ ಅವ್ವ ಹೊಲದಿಂದ ಬಂದಳು. ಬೇಸಗೆಯಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದವಳು ಅವಳು. ಕಳೆ ಕಿತ್ತವಳು, ಮಳೆಯಲ್ಲಿ ನೆನೆದು ಸೊಪ್ಪು ಮುರಿದವಳು ಅವಳು. ಒಂದು ಮಾತೂ ಆಡದೆ ಬರಲು ತೆಗೆದು ಬಾರಿಸಲು ಶುರುಮಾಡಿದಳು. ಅದು ಎಂದಿನ ಎರಡೇಟಲ್ಲ. ಕೈ ನಿಲ್ಲಲಿಲ್ಲ. ದೊಡ್ಡವ್ವ ಎದ್ದು ಅವಳ ಕೈ ಹಿಡಿದುಕೊಂಡಳು. "ಬುಡು ಜಯಮ್ಮ. ಕೂಸು ಯೋಳ್ತಾ ಅದೆ."

"ನನ್ ಮಗ್ಳು ಕಣಕ್ಕ ಅವ್ಳು, ಒಡೀತೀನಿ, ಏನಾರ ಮಾಡ್ತೀನಿ" ಅಂದಳು ಅವ್ವ. ಆಮೇಲೆ, ಉಸಿರು ಎಳೆದುಕೊಂಡು, "ಒಂದ್ ಹೆತ್ತಿದ್ರೆ ನಿಂಗೂ ಗೊತ್ತಾಗ್ತಿತ್ತು" ಅಂದಳು.

ದೊಡ್ಡವ್ವ ಕೈ ಬಿಟ್ಟಳು. ಕೈ ಬಿಟ್ಟ ಮೇಲೆ ಅವ್ವ ಹೊಡೆಯಲಿಲ್ಲ, ಬರಲು ಹಿಡಿದುಕೊಂಡು ನಿಂತಳು. ಜಗಲಿಯಲ್ಲಿ ಅಪ್ಪ ಕೆಮ್ಮಿದ, ಅದರಿಂದ ಏನೂ ಆಗಲಿಲ್ಲ. ದೊಡ್ಡವ್ವ ಮತ್ತೆ ಕೂತು, ಅರ್ಧ ಕಟ್ಟಿದ್ದ ಕಡ್ಡಿಯನ್ನು ಪೂರ್ತಿ ಕಟ್ಟಿ, ದಾರ ಹರಿದು ಗಂಟು ಹಾಕಿ, ಎದ್ದು ಕೊಟ್ಟಿಗೆಗೆ ಹೋದಳು. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ, ನನಗೆ ಆಗ ಹತ್ತು ವರ್ಷ. ನನಗೆ ತಿಳಿದದ್ದು ಒಂದೇ, ಆ ಸಂಜೆ ಗೌರಿಯ ಬಾಸುಂಡೆಗೆ ಇಬ್ಬರಲ್ಲಿ ಒಬ್ಬರೂ ಎಣ್ಣೆ ಹಚ್ಚಲಿಲ್ಲ. ನಾನೇ ಹಚ್ಚಿದೆ.

ಅಂದಿನಿಂದ ದೊಡ್ಡವ್ವ ನಮ್ಮನ್ನು ಕೇಳುವುದನ್ನು ಬಿಟ್ಟಳು. ಮುನಿಸಿಕೊಂಡಳು ಅಂತ ಹೇಳುವ ಹಾಗಿರಲಿಲ್ಲ. ನೀರು ಕಾಯಿಸಿಕೊಡುತ್ತಿದ್ದಳು, ಹಬ್ಬಕ್ಕೆ ಒಬ್ಬಟ್ಟು ತಟ್ಟುವಾಗ ಮೊದಲನೆಯದನ್ನು ನಮಗೇ ಕೊಡುತ್ತಿದ್ದಳು, ಅವ್ವನ ಜೊತೆ ಮೊದಲಿನಂತೆಯೇ ಮಾತು. ಆದರೆ ನಾವು ಅವಳ ಎದುರಿಗೇ ಕೋಳಿಗೆ ಕಲ್ಲು ಹೊಡೆದರೂ, ಮೊಸರಿನ ಗಡಿಗೆ ಒಡೆದರೂ, ಅವಳ ಕಣ್ಣು ಬೇರೆ ಕಡೆಗೆ ಹೋಗುತ್ತಿತ್ತು. ಅವ್ವನಿಗೆ ಇದು ನಮಗಿಂತ ಮೊದಲೇ ಗೊತ್ತಾಯಿತು. ತಪ್ಪಾಯಿತು ಅನ್ನುವುದು ಅವಳ ಬಾಯಿಗೆ ಬರುವ ಮಾತಲ್ಲ. ಅದಕ್ಕೆ ಬದಲಾಗಿ ಅವಳು ನಮ್ಮನ್ನು ಕಿವಿ ಹಿಡಿದು ದೊಡ್ಡವ್ವನ ಮುಂದೆ ತಂದು ನಿಲ್ಲಿಸುತ್ತಿದ್ದಳು. "ಅಕ್ಕ, ಇವ್ಳಿಗೆ ಒಸಿ ಬುದ್ಧಿ ಯೋಳಕ್ಕ, ನನ್ ಮಾತು ಕೇಳಾಕಿಲ್ಲ." ದೊಡ್ಡವ್ವ ಮೆಲ್ಲಗೆ, ಒಂದಿಷ್ಟೂ ಕೊಂಕಿಲ್ಲದೆ, "ನೀನೇ ಯೋಳವ್ವ, ನಿನ್ ಮಗ್ಳು" ಅನ್ನುತ್ತಿದ್ದಳು. ಅವ್ವನ ಮುಖ ಇಳಿದುಹೋಗುತ್ತಿತ್ತು. ಬರಲು ಬಾಗಿಲ ಸಂದಿಯಿಂದ ಮಾಯವಾಯಿತು. ಹೊಡೆಯಲೇಬೇಕಾದಾಗ ಅವ್ವ ನಮ್ಮನ್ನು ಬ್ಯಾರನ್ನಿನ ಹಿಂದೆ ಎಳೆದುಕೊಂಡು ಹೋಗಿ, ಕದ್ದು ಹೊಡೆಯುತ್ತಿದ್ದಳು. ಹೊಡೆತ ತಿನ್ನುತ್ತಲೇ ನಮಗೆ ನಗು ಬರುತ್ತಿತ್ತು.

ಗೌರಿಗೆ ಮಾತ್ರ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಅವಳು ಬೇಕೆಂದೇ ತಪ್ಪು ಮಾಡತೊಡಗಿದಳು. ದೊಡ್ಡವ್ವನ ಎಲೆ ಅಡಿಕೆಯ ಚೀಲವನ್ನು ಬಾವಿಕಟ್ಟೆಯ ಹಿಂದೆ ಬಚ್ಚಿಟ್ಟಳು, ಹಾಲಿಗೆ ಉಪ್ಪು ಹಾಕಿದಳು. ಒಂದು ದಿನ ದೊಡ್ಡವ್ವ ಸೊಪ್ಪು ಕಟ್ಟುತ್ತಿದ್ದಾಗ ಹೋಗಿ, ಕರೆಯದಿದ್ದರೂ ಪಕ್ಕದಲ್ಲಿ ಕೂತು, ಸೊಪ್ಪು ಕೈಗೆತ್ತಿಕೊಂಡು, ಆ ಮಧ್ಯಾಹ್ನ ಒಲೆಯ ಹತ್ತಿರ ಏನು ಮಾಡಿದೆ ಅನ್ನುವುದನ್ನು ತಾನಾಗಿ ಹೇಳತೊಡಗಿದಳು. ನಾಯಿ ಇಲ್ಲ, ಗಾಳಿ ಇಲ್ಲ, ಎಲ್ಲ ಇದ್ದದ್ದು ಇದ್ದ ಹಾಗೆ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ದೊಡ್ಡವ್ವನ ಬೆರಳು ದಾರದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಗೌರಿಯ ಕೈಯಿಂದ ಸೊಪ್ಪು ತೆಗೆದುಕೊಂಡು, "ಕೈ ಕಪ್ಪಾಯ್ತದೆ ಓಗವ್ವ, ನಿಮ್ಮವ್ವ ಕರೀತಾವ್ಳೆ" ಅಂದಳು. ಅವ್ವ ಕರೆಯುತ್ತಿರಲಿಲ್ಲ. ಗೌರಿ ನನ್ನ ಪಕ್ಕದಲ್ಲೇ ಹಾದು ಹೋದಳು, ನನ್ನ ಕಡೆ ನೋಡಲಿಲ್ಲ.

ಅಂತಹ ಮನೆಗಳು ಹೇಗೆ ಇಲ್ಲವಾಗುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ, ನೀವೂ ಒಂದನ್ನು ಕಳೆದುಕೊಂಡಿರುತ್ತೀರಿ. ದೊಡ್ಡಪ್ಪ ಹೋದ. ಮಳೆಗೆ ಬ್ಯಾರನ್ನಿನ ಒಂದು ಗೋಡೆ ಕುಸಿಯಿತು, ಮತ್ತೆ ಕಟ್ಟಲಿಲ್ಲ, ಹೊಲಕ್ಕೆ ಶುಂಠಿ ಬಂತು. ಹೆಂಚಿನ ಮನೆ ಇಳಿಸಿ ತಾರಸಿ ಹಾಕಿದರು. ಗೌರಿಯನ್ನು ಪಿರಿಯಾಪಟ್ಟಣದ ಕಡೆಗೆ ಕೊಟ್ಟರು, ನನ್ನನ್ನು ಬಿಳಿಕೆರೆಯ ಹತ್ತಿರಕ್ಕೆ. ಅಪ್ಪನೂ ಹೋದ ಮೇಲೆ ಹೊಸ ಮನೆಯಲ್ಲಿ ಅವ್ವ, ದೊಡ್ಡವ್ವ ಇಬ್ಬರೇ. ಒಬ್ಬರ ತಲೆ ಇನ್ನೊಬ್ಬರು ಬಾಚಿಕೊಂಡು, ಒಂದೇ ತಟ್ಟೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಇದ್ದರು. ನೋಡಿದವರು ಅಕ್ಕತಂಗಿಯರೆಂದೇ ತಿಳಿಯುತ್ತಿದ್ದರು.

ಒಮ್ಮೆ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ಐದು ವರ್ಷ. ಊಟಕ್ಕೆ ಕೂತವಳು ಯಾತಕ್ಕೋ ಹಟ ಹಿಡಿದು ತಟ್ಟೆಯನ್ನು ಒದ್ದಳು, ಅನ್ನ ಸಾರು ನೆಲದ ತುಂಬ ಚೆಲ್ಲಿತು. ಶಾಲೆಯಲ್ಲಿ ಮಕ್ಕಳ ಮೇಲೆ ಕೈ ಮಾಡಬಾರದು ಅಂತ ಬೇರೆಯವರಿಗೆ ಹೇಳುವವಳು ನಾನು, ನನ್ನ ಕೈ ಅವ್ವನ ಕೈಯ ಹಾಗೆ ಮೇಲೆದ್ದಿತು. ಪಕ್ಕದಲ್ಲಿದ್ದ ದೊಡ್ಡವ್ವನ ಕೈಯೂ ಮೇಲೆದ್ದಿತು, ನನ್ನ ಕೈ ಹಿಡಿಯಲು. ಅರ್ಧ ದಾರಿ ಬಂದು ಅದು ನಿಂತಿತು. ಆಮೇಲೆ ಮೆಲ್ಲಗೆ ಇಳಿದು ಅವಳ ಮಡಿಲಿಗೆ ಹೋಯಿತು. ನಾನು ಹೊಡೆಯಲಿಲ್ಲ. ಅವಳು ಹಿಡಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸಿತು. ಬಾಗಿಲ ಹತ್ತಿರ ನಿಂತಿದ್ದ ಅವ್ವ ಎಲ್ಲವನ್ನೂ ನೋಡಿದಳು, ಒರೆಸುವ ಬಟ್ಟೆ ತರಲು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ದೊಡ್ಡವ್ವ ಹೋದ ದಿನ ಗೌರಿ ಮತ್ತು ನಾನು ಹುಣಸೂರಿನಲ್ಲಿ ಸೇರಿ, ಬಸ್ಸು ಸಿಗದೆ, ಆಟೋ ಮಾಡಿಕೊಂಡು ಊರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನಮ್ಮ ಕಡೆ ಹೊರಗಿನಿಂದ ಒಬ್ಬೊಬ್ಬರು ಬಂದಾಗಲೂ, ತಲೆಯ ಹತ್ತಿರ ಕೂತ ಹೆಂಗಸು ಅಳುತ್ತಲೇ ಸತ್ತವರಿಗೆ ಅದನ್ನು ಗಟ್ಟಿಯಾಗಿ ತಿಳಿಸುತ್ತಾಳೆ. ನಿನ್ನ ತಮ್ಮ ಬಂದ, ನಿನ್ನ ನಾದಿನಿ ಬಂದಳು ಅಂತ. ತಲೆಯ ಹತ್ತಿರ ಕೂತಿದ್ದವಳು ಅವ್ವ. ನಾವು ಹೊಸಿಲಿಗೆ ಬಂದದ್ದನ್ನು ನೋಡಿ, ದೊಡ್ಡವ್ವನ ಕೆನ್ನೆ ಹಿಡಿದು ಅಲ್ಲಾಡಿಸಿದಳು. "ಎದ್ ನೋಡಕ್ಕ, ನಿನ್ ಮಕ್ಳು ಬಂದವ್ರೆ. ಇಷ್ಟೊತ್ನಲ್ಲಿ ಬಂದವ್ರೆ. ಯಾಕೆ ಅಂತ ಕೇಳಕ್ಕ. ನೀನ್ ಕೇಳ್ದೆ ಇನ್ಯಾರಕ್ಕ ಕೇಳಾರು."

ಸುತ್ತ ಕೂತಿದ್ದವರಿಗೆ ಅದು ಸಾವಿನ ಮನೆಯಲ್ಲಿ ಎಲ್ಲರೂ ಆಡುವ ಮಾತು. ಗೌರಿ ಒಳಗೆ ಕಾಲಿಡಲಾರದೆ ಹೊಸಿಲಲ್ಲೇ ನಿಂತಳು. ನಾನು ಅವಳ ಕೈ ಹಿಡಿದುಕೊಂಡೆ. ನಾವು ನಿಜವಾಗಿಯೂ ತಡವಾಗಿ ಬಂದಿದ್ದೆವು.