ನನ್ನ ಮಗ ಮಣ್ಣಗೆಯುವ ಗಾಡಿ ಆರಿಸಿದ್ದು

ಬೀದಿಯ ಅಗಲ ನೋಡಬೇಕಾದವರು ಗಾಡಿಯ ಎತ್ತರ ನೋಡಿದರು. ನಡೆದದ್ದು ಇಷ್ಟೇ. ದೃಷ್ಟಿ ತಗುಲಿತು ಎಂದು ನಮ್ಮ ಬೀಗರು, ಅಂದರೆ ಸೊಸೆಯ ಅಪ್ಪ, ಈಗಲೂ ಹೇಳುತ್ತಾರೆ. ಡ್ರೈವರ್ ಸರಿಯಿರಲಿಲ್ಲ ಎಂದು ನನ್ನ ಮಗ ಹೇಳುತ್ತಾನೆ. ನಾನು ಓದಿದ್ದು ಮೂರನೇ ಕ್ಲಾಸು. ಏಳೂವರೆ ಅಡಿ ಅಗಲದ ಗಾಡಿ ಆರಡಿ ಸಂದಿಯಲ್ಲಿ ನುಗ್ಗುವುದಿಲ್ಲ ಎಂದು ತಿಳಿಯಲು ಅಷ್ಟು ಓದೂ ಬೇಕಿಲ್ಲ.

ಮಗ ಚಾಮರಾಜನಗರದಲ್ಲಿ ನಲ್ಲಿ ರಿಪೇರಿಯಿಂದ ಶುರು ಮಾಡಿದವನು. ಸೈಕಲ್ಲಿನ ಹಿಂದೆ ಪೈಪು, ಹ್ಯಾಂಡಲಿಗೆ ಸಾಮಾನಿನ ಚೀಲ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದ. ಆಮೇಲೆ ಹೊಸ ಮನೆಗಳ ಪೈಪ್ ಕೆಲಸ ಹಿಡಿದ. ಅಲ್ಲಿಂದ ಚರಂಡಿ, ಮೋರಿ, ಸಿಮೆಂಟ್ ರಸ್ತೆ. ಆಗ ಯಾರಾದರೂ ಪ್ಲಂಬರ್ ಎಂದು ಕೂಗಿದರೆ ತಿರುಗಿ ನೋಡುವುದನ್ನು ಬಿಟ್ಟ. ಸಿವಿಲ್ ಕಂಟ್ರಾಕ್ಟರ್ ಎನ್ನಬೇಕು. ನಮ್ಮ ಬಚ್ಚಲಮನೆಯ ನಲ್ಲಿ ಆರು ತಿಂಗಳು ತೊಟ್ಟಿಕ್ಕಿತು. ಕಡೆಗೆ ನಾನು ಪಕ್ಕದ ಬೀದಿಯಿಂದ ಬೇರೆ ಪ್ಲಂಬರನ್ನು ಕರೆಸಿ ಸರಿಮಾಡಿಸಿದೆ.

ಮೈಸೂರಿನ ರೈಲು ನಿಲ್ಲಿಸಿ ಹಳಿ ಅಗಲ ಮಾಡುತ್ತಿದ್ದ ಕಾಲ ಅದು. ಆಗಲೇ ಮಗನಿಗೆ ಗುಂಡ್ಲುಪೇಟೆಯ ಹಳೇ ಬೀದಿಗಳಲ್ಲಿ ಕುಡಿಯುವ ನೀರಿನ ಪೈಪ್ ಹೂಳುವ ಕೆಲಸ ಸಿಕ್ಕಿತು. ಅವನ ಬದುಕಿನಲ್ಲಿ ಅದೇ ಮೊದಲ ದೊಡ್ಡ ಕೆಲಸ. ಆ ಬೀದಿಗಳಲ್ಲಿ ಒಂದು ನಾನು ಹುಟ್ಟಿ ಬೆಳೆದ ಬೀದಿ. ಅಣ್ಣ ತೀರಿಕೊಂಡಿದ್ದ. ಅವನ ಹೆಂಡತಿ, ನನ್ನ ಅತ್ತಿಗೆ, ತನ್ನ ಮಗ ಸೊಸೆಯ ಜೊತೆ ಅಲ್ಲೇ ಇದ್ದಳು. ಮನೆಯ ಮುಂದಿನ ಜಗಲಿಯೇ ಅವಳ ಅಂಗಡಿ. ಬೆಳಿಗ್ಗೆ ಒದ್ದೆ ಗೋಣಿ ಹಾಸಿ ವೀಳ್ಯದೆಲೆ ಹರಡಿಕೊಂಡು ಕೂತರೆ ಊಟದ ಹೊತ್ತಿಗೆ ಏಳುವವಳು. ಮಗ ಸೊಸೆಯನ್ನು ಒಂದು ಕಾಸು ಕೇಳದೆ ಅವಳು ಬದುಕುತ್ತಿದ್ದದ್ದು ಆ ಜಗಲಿಯಿಂದ.

ನಾನು ಹೋಗಿ ಬೀದಿಯ ಹೆಂಗಸರ ಮುಂದೆಲ್ಲ ಮಗನನ್ನು ಹೊಗಳಿಕೊಂಡೆ. ಮೊದಲ ನಲ್ಲಿ ನಮ್ಮ ಬೀದಿಗೇ ಬರುತ್ತದೆ ಎಂದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಅತ್ತಿಗೆ ಎಲೆ ಜೋಡಿಸುತ್ತಲೇ ಕೇಳಿಸಿಕೊಂಡಳು.

"ನೀರು ಬರ‍್ಲಿ, ಬ್ಯಾಡ ಅನ್ನಲ್ಲ. ನನ್ ಜಗ್ಲಿ ಅಲುಗಬಾರ್ದು."

"ಮುಟ್ಟಾಕಿಲ್ಲ ಬುಡು ಅತ್ಗೆ."

"ಅಲುಗ್ತೋ, ನೀನು ತಿರ‍್ಗ ಈ ಒಸ್ಲು ತುಳೀಬ್ಯಾಡ ಕಣಮ್ಮಿ. ನಗ್ನಗ್ತಾ ಏಳ್ತಾ ಅವ್ಳೆ ಅನ್ಕಬ್ಯಾಡ."

ಅರವತ್ತು ದಾಟಿದ ನನ್ನನ್ನು ಚಿಕ್ಕ ಹುಡುಗಿಯ ಹಾಗೆ ಕಣಮ್ಮಿ ಎನ್ನುವವಳು ಅವಳೊಬ್ಬಳೇ. ಅವಳು ನಗುತ್ತಲೂ ಇರಲಿಲ್ಲ. ನಾನು ಮಾತು ಕೊಟ್ಟು ಬಂದೆ.

ಕೈಯಲ್ಲಿ ಅಗೆಸಿದರೆ ಕೆಲಸ ಸಾಗುವುದಿಲ್ಲ, ಗಾಡಿ ಬೇಕು ಎಂದು ಮಗ ಹೊರಟ. ನಮ್ಮ ಕಡೆ ಇಂಥ ಗಾಡಿಯನ್ನು ಎಲ್ಲರೂ ಕಂಪನಿಯ ಹೆಸರು ಹಿಡಿದೇ ಕರೆಯುತ್ತಾರೆ. ಆ ಕಂಪನಿಯವರು ನನಗೆ ಒಂದು ಲೋಟ ಕಾಫಿಯನ್ನೂ ಕುಡಿಸಿಲ್ಲ. ಹಾಗಾಗಿ ಮಣ್ಣಗೆಯುವ ಗಾಡಿ ಎಂದೇ ಬರೆಯುತ್ತೇನೆ.

ಗಾಡಿಗಳ ಚಿತ್ರವಿರುವ ಮೂರು ಬಣ್ಣದ ಪುಸ್ತಕಗಳು ಮನೆಗೆ ಬಂದವು. ಒಂದರಲ್ಲಿ ಮುಂದೆ ಮಣ್ಣು ಬಾಚುವ ಬಾಯಿ, ಹಿಂದೆ ಅಗೆಯುವ ಕೈ ಇರುವ ನಾಲ್ಕು ಚಕ್ರದ ಗಾಡಿ. ಇನ್ನೊಂದರಲ್ಲಿ ಅದಕ್ಕಿಂತ ದೊಡ್ಡದು, ಕಬ್ಬಿಣದ ಪಟ್ಟಿಯ ಮೇಲೆ ಉರುಳುವಂಥದ್ದು. ಮೂರನೆಯದು ಎಮ್ಮೆಯಷ್ಟು ಗಾತ್ರದ ಸಣ್ಣ ಗಾಡಿ. ಕುದೇರಿನಿಂದ ಬೀಗರು ಬಂದರು. ಅವರಿಗೆ ಹೊಲ ಗೊತ್ತು, ಅರಿಸಿನ ಗೊತ್ತು. ಪೈಪು ಗೊತ್ತಿಲ್ಲ. ಆದರೂ ಮಗ ಅವರನ್ನು ಕೇಳದೆ ಏನೂ ಮಾಡುವುದಿಲ್ಲ. ಅವರು ಸಣ್ಣ ಗಾಡಿಯ ಚಿತ್ರವನ್ನು ದೂರ ಹಿಡಿದು ನೋಡಿದರು.

"ಇದೇನ್ ಅಳಿಯಂದ್ರೆ, ಎಮ್ಮೆಕರ ಇದ್ದಂಗದೆ. ಇದ ತಂದು ನಿಲ್ಸುದ್ರೆ ಊರಲ್ಲಿ ನಾನು ಮಕ ಎತ್ಕಂಡು ತಿರುಗಾದು ಎಂಗೆ? ರೈಲಿನ ಹಳೀನೇ ಅಗ್ಲ ಮಾಡ್ತಾವ್ರೆ, ನಾವು ಸಣ್ಣದ್ ತರದಾ?"

"ಒಂದ್ ತಂದ್ರೂ ಸಾಲ್ದು ಮಾವ," ಎಂದ ಮಗ. "ಫ್ಲೀಟ್ ಮಾಡ್ಬೇಕು."

"ಅದೇನ್ಲಾ ಅದು?" ಎಂದೆ.

"ಗಾಡಿಗಳ ಗುಂಪು ಕಣವ್ವ. ನಾಕೈದು ಇರ‍್ಬೇಕು."

"ಒಂದ್ನೂ ತಂದಿಲ್ಲ, ಆಗ್ಲೆ ಮಂದೆ ಕಟ್ತಾ ಇದ್ದೀಯ. ಬೀದಿ ಅಳೆದ್ಯಾ?"

"ಪ್ಲಾನಲ್ಲಿ ಅದೆ ಬುಡವ್ವ. ಅನ್ನೆರಡು ಅಡಿ."

ಪ್ಲಾನು ಬರೆದವರು ಗೋಡೆಯಿಂದ ಗೋಡೆಗೆ ಹನ್ನೆರಡು ಎಂದು ಬರೆದಿದ್ದರು. ಆ ಬೀದಿಯಲ್ಲಿ ಎರಡೂ ಕಡೆ ಮೂರುಮೂರು ಅಡಿ ಜಗಲಿಗಳಿವೆ. ಜಗಲಿ ಕಾಗದದ ಮೇಲೆ ಇರಲಿಲ್ಲ, ಅದರ ಮೇಲೆ ಕೂರುವ ಜನರೂ ಇರಲಿಲ್ಲ. ನನ್ನ ಅಪ್ಪ ಹುಲ್ಲಿನ ಗಾಡಿಯನ್ನು ಬೀದಿಯ ಬಾಯಲ್ಲೇ ನಿಲ್ಲಿಸಿ ಹೊರೆ ಹೊರಿಸುತ್ತಿದ್ದ ಎಂದು ನಾನು ಹೇಳಿದೆ. ಬೀಗರು ನಕ್ಕರು. "ಅದು ಎತ್ತಿನ ಗಾಡಿ ಬೀಗ್ತಮ್ಮ. ಇದು ಮಿಶನ್ನು," ಎಂದರು. ಮಿಶನ್ನಿಗೆ ಅಗಲ ಇರುವುದಿಲ್ಲ ಎಂದುಕೊಂಡಿದ್ದರೋ ಏನೋ.

ಗಾಡಿ ಮಾರುವವನು ಮಿರಿಮಿರಿ ಬೂಟು ಹಾಕಿಕೊಂಡು ಬಂದ. ಮೂರು ಮಾತಿಗೊಮ್ಮೆ ಪವರ್ ಎನ್ನುತ್ತಿದ್ದ.

"ನಮ್ಮಣ್ಣನ ಬೀದೀಲಿ ಇದು ತಿರುಗ್ತದಾ?" ಎಂದು ಕೇಳಿದೆ.

"ಅಮ್ಮಾ, ಇದು ಎಲ್ಲಾ ಕಡೆ ತಿರುಗುತ್ತೆ. ಸುತ್ತಲೂ ತಿರುಗುತ್ತೆ."

"ಸುತ್ತಲೂ ತಿರುಗಕೆ ಸುತ್ತಲೂ ಜಾಗ ಬೇಕಲ್ಲಪ್ಪ."

ಅವನು ಕಾಫಿ ಚೆನ್ನಾಗಿದೆ ಎಂದ.

ಕಡೆಗೆ ದೇವರನ್ನೇ ಕೇಳೋಣ ಎಂದು ಬೀಗರು ತೀರ್ಮಾನ ಮಾಡಿದರು. ನಮ್ಮಲ್ಲಿ ಮದುವೆಗೆ, ಬಾವಿ ತೋಡಿಸುವುದಕ್ಕೆ, ಎತ್ತು ಕೊಳ್ಳುವುದಕ್ಕೆ ಹೂ ಕೇಳುವುದುಂಟು. ಪೂಜಾರಿ ದೇವರ ಎರಡು ಹೆಗಲಿಗೂ ಹೂ ಏರಿಸುತ್ತಾನೆ. ಯಾವ ಕಡೆಯದು ಬೀಳುತ್ತದೋ ಅದೇ ಅಪ್ಪಣೆ. ಇವರು ಬಲಕ್ಕೆ ನಾಲ್ಕು ಚಕ್ರದ ಗಾಡಿಯ ಪುಸ್ತಕ ಇಟ್ಟರು, ಎಡಕ್ಕೆ ಅದಕ್ಕಿಂತ ದೊಡ್ಡದರ ಪುಸ್ತಕ ಇಟ್ಟರು. ಸಣ್ಣ ಗಾಡಿಯ ಪುಸ್ತಕ ಗುಡಿಯವರೆಗೆ ಹೋಗಲೇ ಇಲ್ಲ. ಅದನ್ನು ಸೊಸೆ ಬೇಳೆ ಡಬ್ಬದ ಕೆಳಗೆ ಹಾಸಿದ್ದಳು. ಯಾವ ಹೂ ಬಿದ್ದರೂ ತಪ್ಪೇ ಆಗುವ ಹಾಗೆ ಕೇಳಿದರೆ ದೇವರಾದರೂ ಏನು ಮಾಡುತ್ತಾನೆ?

ಇನ್ನೊಂದು ವಿಷಯ. ಆ ಗುಡಿಗೆ ಬೀಗರು ಹಿಂದಿನ ವರ್ಷ ಒಂದು ಫ್ಯಾನು ಕೊಟ್ಟಿದ್ದರು. ಅದು ಎಡಗಡೆ ನಿಂತು ಬಲಗಡೆಗೆ ಬೀಸುತ್ತಿತ್ತು. ಅದು ಬಂದ ಮೇಲೆ ಹೂವು ಎಡಕ್ಕೆ ಬಿದ್ದದ್ದನ್ನು ನಾನು ಕಂಡಿಲ್ಲ. ಬಲಕ್ಕೆ ಬಿತ್ತು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ, ಅಭ್ಯಾಸ.

ಗಾಡಿ ಬಂದ ದಿನ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಬೀಗರು ಪೇಟ ಸುತ್ತಿಕೊಂಡು ಡ್ರೈವರ್ ಸೀಟಿನಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಇಳಿಯಲು ಬರಲಿಲ್ಲ, ಇಬ್ಬರು ಹಿಡಿದು ಇಳಿಸಿದರು.

ವಾರದೊಳಗೆ ಅದು ಗುಂಡ್ಲುಪೇಟೆಗೆ ಹೋಯಿತು, ಜೊತೆಗೆ ನಾವೂ. ಮೊದಲು ನಮ್ಮ ಬೀದಿಯೇ. ಮೊದಲ ನಲ್ಲಿ ಅಲ್ಲಿಗೇ ಎಂದು ನಾನು ಹೇಳಿ ಬಂದಿದ್ದೆನಲ್ಲ, ಅದಕ್ಕೇ ಮಗ ಅಲ್ಲಿಂದ ಶುರು ಮಾಡಿಸಿದ. ಬೀದಿಯ ಬಾಯಲ್ಲಿ ಜಗಲಿಗಳಿಲ್ಲ, ಗಾಡಿ ಸಲೀಸಾಗಿ ಒಳಗೆ ಬಂತು. ನಾಲ್ಕು ಮನೆ ದಾಟಿ ಜಗಲಿಗಳು ಶುರುವಾಗುವ ಕಡೆ ನಿಂತಿತು. ಡ್ರೈವರ್ ತಾಳವಾಡಿ ಕಡೆಯವನು. ಕೆಳಗಿಳಿದು ಎರಡೂ ಕಡೆ ನೋಡಿ ತಲೆಯಾಡಿಸಿದ.

"ಪೋಗಾದು ಸಾರ್."

ತಮಿಳಿನಲ್ಲಿ, ಹೋಗುವುದಿಲ್ಲ ಎಂದು. ಇಡೀ ವ್ಯವಹಾರದಲ್ಲಿ ನಿಜ ಹೇಳಿದ ಗಂಡಸು ಅವನೊಬ್ಬನೇ.

"ಓಗ್ತದೆ ಕಣಯ್ಯ, ಬಾ, ನಾನ್ ತೋರುಸ್ತೀನಿ," ಎಂದು ಬೀಗರು ಮುಂದೆ ನಿಂತು ಕೈ ಬೀಸಿದರು. ಮಗ ಹಿಂದೆ ನಿಂತು ಕೈ ಬೀಸಿದ. ಒಬ್ಬರು ಬಲಕ್ಕೆ ಎನ್ನುತ್ತಿದ್ದರು, ಇನ್ನೊಬ್ಬ ಎಡಕ್ಕೆ ಎನ್ನುತ್ತಿದ್ದ. ಬೀದಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅತ್ತಿಗೆ ಎಲೆಯ ಗೋಣಿಯನ್ನು ಮಡಿಚಿ ಒಳಗಿಟ್ಟು ಬಂದಳು. ಅವಳಿಗೆ ಮುಂಚೆಯೇ ಗೊತ್ತಾಗಿತ್ತು.

ಮೊದಲ ಜಗಲಿಯೇ ಅತ್ತಿಗೆಯದು. ಚಕ್ರ ಅದರ ಅಂಚು ಹತ್ತಿತು. ಕಲ್ಲು ಚಪ್ಪಡಿ ಎರಡಾಯಿತು. ಹಿಂದಕ್ಕೆ ಎಳೆಯಲು ಹೋದಾಗ ಮಿಕ್ಕದ್ದೂ ಮಣ್ಣಿನ ಸಮೇತ ಬೀದಿಗೆ ಜರುಗಿತು. ಗಾಡಿ ಓರೆಯಾಗಿ ಎರಡು ಮನೆಗಳ ನಡುವೆ ಸಿಕ್ಕಿಕೊಂಡಿತು. ಸಾಯಂಕಾಲದವರೆಗೂ ಆ ಬೀದಿಯ ಜನ ಒಬ್ಬರ ಮನೆಯ ಹಿತ್ತಲಿಂದ ಇನ್ನೊಬ್ಬರ ಮನೆಗೆ ನುಗ್ಗಿ ಓಡಾಡಿದರು.

ನಾನು ಅತ್ತಿಗೆಯ ಹತ್ತಿರ ಹೋದೆ. ಅವಳು ಬಾಗಿಲಿಗೆ ಅಡ್ಡ ನಿಂತಳು. ಬಯ್ಯಲಿಲ್ಲ.

"ಏಳಿದ್ನಲ್ಲಮ್ಮಿ."

"ಊ ಅತ್ಗೆ, ನೀ ಏಳಿದ್ದೆ."

"ಅಷ್ಟೇಯ."

ಬಾಗಿಲು ಹಾಕಿಕೊಂಡಳು. ನಾನು ಹುಟ್ಟಿದ ಮನೆಯ ಬಾಗಿಲು ನನ್ನ ಮುಖದ ಮುಂದೆ ಮುಚ್ಚಿದ್ದು ಅದೇ ಮೊದಲು. ಬೀದಿಯ ಹೆಂಗಸರೆಲ್ಲ ನೋಡಿದರು. ನಾನು ಹೊಗಳಿಕೊಂಡಾಗಲೂ ಅವರೇ ಕೇಳಿಸಿಕೊಂಡಿದ್ದವರು.

ಆ ರಾತ್ರಿ ಚಾಮರಾಜನಗರದ ಮನೆಯಲ್ಲಿ ಮಾವ ಅಳಿಯ ಕೂತು ಯೋಚನೆ ಮಾಡಿದರು. ಡ್ರೈವರನ್ನು ಬಿಡಿಸಬೇಕು ಎಂದ ಮಗ. ಬೀಗರ ಯೋಚನೆ ಬೇರೆ.

"ತಪ್ಪಾಗಿರಾದು ಎಲ್ಲಿ ಗೊತ್ತಾ? ಊವು ಬಲಕ್ಕೆ ಬಿತ್ತು, ಸರಿ. ದೇವ್ರ ಬಲಾನೋ ನಮ್ಮ ಬಲಾನೋ, ಯಾರೂ ಕೇಳ್ನೇ ಇಲ್ವಲ್ಲ. ದೇವ್ರು ದೊಡ್ಡದ್ನೇ ಕೊಟ್ಟಿದ್ದ, ನಾವು ಸಣ್ಣದ್ ತಂದ್ಬುಟ್ಟೊ. ಇನ್ನೊಂದ್ ಸಲ ಕೇಳನ."

ಮಗ ಹೌದಲ್ಲವೇ ಎನ್ನುವ ಹಾಗೆ ತಲೆಯಾಡಿಸಿದ. ನಾನು ಅಡುಗೆಮನೆಗೆ ಹೋಗಿ ಬೇಳೆ ಡಬ್ಬ ಎತ್ತಿ ಆ ಸಣ್ಣ ಗಾಡಿಯ ಪುಸ್ತಕ ತಂದು ಇಬ್ಬರ ನಡುವೆ ಹಾಕಿದೆ.

"ಬೀಗ್ರೆ, ನೀವು ದೊಡ್ಡೋರು, ನಿಮ್ಗೆ ನಾನೇನೂ ಏಳಲ್ಲ. ನನ್ ಮಗನ್ಗೆ ಏಳ್ತೀನಿ. ಇನ್ನೊಂದು ದೊಡ್ಡದು ಈ ಮನೆ ಮುಂದೆ ಬಂದ್ರೆ ಅದುರ ಚಕ್ರದ್ ಮುಂದ್ಕೆ ನಾನೇ ಮನೀಕತೀನಿ. ಎಂಗೂ ಕುಂಬಳಕಾಯಿ ಒಡೀಬೇಕಲ್ಲ."

ಬೀಗರು ಬೀಡಿ ಹಚ್ಚಲು ಹೊರಗೆ ಹೋದರು.

ಮಗ ಪುಸ್ತಕದ ಮೇಲಿನ ಬೇಳೆ ಪುಡಿ ಒರೆಸಿದ. ಪುಟ ತಿರುವಿದ. ಅವನ ದನಿ ಬದಲಾಯಿತು. ಸೈಕಲ್ಲಿನ ಕಾಲದ ದನಿ.

"ದೊಡ್ಡದು ಮೇನ್ ರೋಡ್ಗೆ ಇರ‍್ಲಿ ಅವ್ವ. ಒಳಕ್ಕೆ ಇಂಥವು ಎರಡು ಬೇಕಾಯ್ತದೆ. ಆದ್ರೆ ಇದ್ರಲ್ಲೂ ಮೂರು ಅಳ್ತೆ ಅವೆ. ಯಾವ ಬೀದೀಲಿ ಯಾವ್ದು ಇಡೀತದೆ ಅಂತ ಪ್ಲಾನ್ ನೋಡುದ್ರೆ ಗೊತ್ತಾಗಕಿಲ್ಲ. ಒಂದೊಂದೇ ಬೀದಿ ಅಳೀಬೇಕು. ನನ್ನ ಅಲ್ಲಿ ಒಳಕ್ಕೆ ಬುಟ್ಟರಾ ಈಗ?"

"ಜಗ್ಲಿ?" ಎಂದೆ.

"ಕಟ್ಟುಸ್ತೀನವ್ವ. ಮೊದ್ಲು ಅದೇಯ. ನೀನ್ ಏಳು ಅತ್ತೆಗೆ."

"ನನ್ ಜೊತೆ ಮಾತಾಡುದ್ರೆ ಏಳ್ತೀನಿ."

ಮಾರನೆಯ ಬೆಳಿಗ್ಗೆ ಗುಂಡ್ಲುಪೇಟೆಯ ಮೊದಲ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವಾಗ ಬೆಳಕಾಯಿತು. ಮಡಿಲಲ್ಲಿ ಒಂದು ಉಂಡೆ ಗೋಣಿಹುರಿ ಇತ್ತು. ಟೇಪಿನ ಮೇಲಿನ ಗೀಟು ನನ್ನ ಕಣ್ಣಿಗೆ ಕಾಣುವುದಿಲ್ಲ, ಹುರಿಗೆ ಹಾಕಿದ ಗಂಟು ಕೈಗೆ ಸಿಗುತ್ತದೆ. ಬೀದಿಯಲ್ಲಿ ಗಾಡಿಯನ್ನು ಆಗಲೇ ಎಳೆದು ಸಾಗಿಸಿದ್ದರು. ಅತ್ತಿಗೆ ಬಾಗಿಲು ತೆರೆದು ಹೊಸ್ತಿಲ ಮೇಲೇ ಎಲೆ ಹರಡಿಕೊಂಡು ಕೂತಿದ್ದಳು. ಮುಂದೆ ಮಣ್ಣಿನ ಗುಡ್ಡೆ. ನಾನು ಮೇಲೆ ಹತ್ತಲಿಲ್ಲ. ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಎದುರು ಮನೆಯ ಜಗಲಿಯ ಅಂಚಿಗೆ ಹುರಿಯ ತುದಿ ಇಟ್ಟು ಮೇಲೊಂದು ಕಲ್ಲು ಹೇರಿ, ಇನ್ನೊಂದು ತುದಿ ಎಳೆದುಕೊಂಡು ಈಚೆ ಬಂದೆ. ಕಲ್ಲು ಜಾರಿತು. ಮತ್ತೆ ಹೋಗಿ ಇಟ್ಟೆ. ಮತ್ತೆ ಜಾರಿತು.

"ಏನ್ ಮಾಡ್ತಾ ಇದ್ದೀಯ?" ಎಂದಳು ಅತ್ತಿಗೆ.

"ಬೀದಿ ಅಳೀತಾ ಇವ್ನಿ."

"ಈಗ್ಲಾ?"

"ಈಗ್ಲೇಯ. ಇವತ್ತೇ ಗಾರೆಯವ್ರು ಬತ್ತಾರೆ, ಮೊದ್ಲು ನಿನ್ ಜಗ್ಲಿ."

ಅವಳು ಎಲೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಮಂಡಿ ಹಿಡಿದುಕೊಂಡು ಮಣ್ಣಿನ ಗುಡ್ಡೆ ಇಳಿದು ಬಂದು, ಎದುರು ಜಗಲಿಯ ಅಂಚಿನಲ್ಲಿ ಹುರಿಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ನಾನು ಅವಳ ಮನೆಯ ಗೋಡೆಯವರೆಗೂ ಹುರಿ ಎಳೆದೆ.

"ಅಲ್ಲಿಗಲ್ಲ," ಎಂದಳು. "ಜಗ್ಲಿ ಇದ್ದಂಗೆ ಅಳಿ. ಬಿದ್ದಂಗೆ ಅಳೀಬ್ಯಾಡ."

ನಾನು ಮೂರು ಅಡಿ ಹಿಂದಕ್ಕೆ ಬಂದು, ಜಗಲಿಯ ಅಂಚು ಮೊದಲಿದ್ದ ಕಡೆ ಗಂಟು ಹಾಕಿದೆ. ಆಮೇಲೆ ಇಬ್ಬರೂ ಪಕ್ಕದ ಮನೆಗೆ ಸರಿದೆವು.