ಕೈ ಹಿಂದೆ ಕಟ್ಟಿಕೊಂಡ ಮೇಡಂ

ಅಂಗಳಕ್ಕೆ ನೀರು ಹೊಡೆದು ರಂಗೋಲಿ ಎಳೆಯುವುದು. ಎಮ್ಮೆಯ ಸಗಣಿ ಬಳಿದು ಹಾಲು ಹಿಂಡುವುದು. ನಳ ಬಂದರೆ ಕೊಡ ಹಚ್ಚುವುದು, ಬಾರದಿದ್ದರೆ ಬೈದುಕೊಂಡು ಬೋರಿಗೆ ಹೋಗುವುದು. ಅತ್ತೆಗೆ ಬಿಸಿನೀರು, ಆಮೇಲೆ ಚಹಾ. ಗಂಡನಿಗೆ ಚಹಾ, ಆಮೇಲೆ ಬಿಸಿನೀರು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು, ಪುಂಡಿಪಲ್ಲೆಗೆ ಒಗ್ಗರಣೆ ಹಾಕುವುದು, ಡಬ್ಬಿ ಕಟ್ಟುವುದು. ಮಸ್ಕಿಯ ಹುಲಿಗೆಮ್ಮ ಇಷ್ಟೆಲ್ಲ ಮುಗಿಸುವ ಹೊತ್ತಿಗೆ ಸೂರ್ಯ ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿರುತ್ತಾನೆ.

ಈಚೆಗೆ ಈ ಕೆಲಸಗಳ ಜೊತೆ ಇನ್ನೊಂದು ಸೇರಿತ್ತು. ಕೈ ಮನೆಯ ಕೆಲಸ ಮಾಡಿದರೆ ಬಾಯಿ ಇಂಗ್ಲಿಷ್ ಮಾಡುತ್ತಿತ್ತು. "ಲಿಸನ್ ಫಸ್ಟ್," ಎಂದು ಎಮ್ಮೆಗೆ ಹೇಳುತ್ತಿದ್ದಳು. "ನೌ, ಯುವರ್ ಟರ್ನ್," ಎಂದು ಹೆಂಚಿನ ಮೇಲಿನ ರೊಟ್ಟಿಗೆ. ರೊಟ್ಟಿ ಉಬ್ಬಿದರೆ "ವೆರಿ ಗುಡ್!" ಎಂದು ಒಲೆಯ ಮುಂದೆಯೇ ಚಪ್ಪಾಳೆ.

"ನಿನ್ನ ಹೇಣ್ತಿಗೆ ಗಾಳಿ ಹೊಡದೈತಲೇ," ಎಂದು ಅತ್ತೆ ಯಮನಮ್ಮ ಹಾಸಿಗೆಯಲ್ಲೇ ಮಗನಿಗೆ ಹೇಳುವಳು.

"ಗಾಳಿ ಅಲ್ಲವ್ವಾ, ಟ್ರೇನಿಂಗು," ಎನ್ನುವನು ಗಾದಿಲಿಂಗ. ಮಸ್ಕಿಯಲ್ಲಿ ಮೋಟಾರು ರಿಪೇರಿ ಅಂಗಡಿ ಅವನದು. ಹೆಂಡತಿ ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳೆಂದು ಗಿರಾಕಿಗಳ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದ. ಹೇಳಿ, ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ.

ಟ್ರೇನಿಂಗು ಇದ್ದದ್ದು ಲಿಂಗಸುಗೂರಿನಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯ ಮಹಡಿಯ ಮೇಲೆ, ಭಾನುವಾರ ಭಾನುವಾರ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು ಹೇಗೆಂದು ಜಯಶ್ರೀ ಮೇಡಂ ಹೇಳಿಕೊಡುತ್ತಿದ್ದರು. ಪಾಸಾಗಬೇಕಾದರೆ ಕೊನೆಯಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿ ತೋರಿಸಬೇಕು. ಪಾಸಾದವರಲ್ಲಿ ಒಬ್ಬರಿಗೆ ಸಿಂಧನೂರಿನಲ್ಲಿ ಕೆಲಸ ಕಾದಿತ್ತು. ಅಲ್ಲಿ ಮೆಹಬೂಬ್‌ಬೀ ಎಂಬವರು ತಮ್ಮ ಹೊಲಿಗೆ ತರಬೇತಿಯ ಹಾಲಿನಲ್ಲಿ ಸಂಜೆ ಇಂಗ್ಲಿಷ್ ಕ್ಲಾಸು ತೆರೆಯುವವರಿದ್ದರು. ಗಲ್ಫಿಗೆ ಹೊರಟ ಡ್ರೈವರುಗಳಿಗೆ, ನರ್ಸುಗಳಿಗೆ. ಆ ಕೆಲಸ ತನಗೇ ಬೇಕು ಎಂದು ಹುಲಿಗೆಮ್ಮ ಮೊದಲು ಎಮ್ಮೆಯ ಕಿವಿಯಲ್ಲಿ ಹೇಳಿದ್ದಳು. ಗಾದಿಲಿಂಗನಿಗೆ ಹೇಳಿದಾಗ ಅವನು, "ಮೊದಲ ಪಾಸಾಗು. ಆಮ್ಯಾಲ ನೋಡೋಣಂತ," ಅಂದಿದ್ದ. ಆ ಮನೆಯಲ್ಲಿ ನೋಡೋಣಂತ ಅಂದರೆ ಬ್ಯಾಡ ಎಂದರ್ಥ. ಹೊಸ ಮಿಕ್ಸರ್‌ಗೂ ನೋಡೋಣಂತ ಎಂದು ಎರಡು ದೀಪಾವಳಿ ಕಳೆದಿದ್ದವು.

ಅವಳ ಮೊದಲ ಪಾಠ ಹಬ್ಬದ ಊಟದಂತಿತ್ತು. ಪಾಠಕ್ಕೆ ಮೊದಲು ಖೋಲಿ ಗುಡಿಸಿದಳು. ಇಂಗ್ಲಿಷ್ ಕಲಿಯಲು ಬಂದಿದ್ದ ರೈಸ್‌ಮಿಲ್ಲಿನ ಪಂಪಾಪತಿಯ ಪೆನ್ನು ಬಿದ್ದರೆ ಬಗ್ಗಿ ಎತ್ತಿಕೊಟ್ಟಳು. ಯಾರೋ ಕೆಮ್ಮಿದರೆ ಚೀಲದಿಂದ ನೀರಿನ ಬಾಟಲಿ ತೆಗೆದಳು. ಮಸ್ಕತ್ತಿಗೆ ಹೊರಟಿದ್ದ ಲಾರಿ ಡ್ರೈವರ್ ಮೌಲಾಸಾಬ್ "ಐ..." ಎಂದು ಬಾಯಿ ತೆರೆದರೆ, "ಐ ಡ್ರೈವ್ ಎ ಲಾರಿ!" ಎಂದು ತಾನೇ ಮುಗಿಸಿಬಿಟ್ಟಳು. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ.

ಜಯಶ್ರೀ ಮೇಡಂ ನಗು ತಡೆಯುತ್ತ ಹೇಳಿದರು, "ಪಾಠ ಭಾಳ ಚೊಲೋ ಆತ್ರಿ ಹುಲಿಗೆಮ್ಮಾ. ಆದ್ರ ಕಲತವ್ರು ಯಾರು? ನೀವೊಬ್ಬರ!"

"ಅವ್ರಿಗೆ ಬರವಲ್ದಾಗಿತ್ತು ಮೇಡಂ. ಪಾಪ ಅನ್ನಿಸ್ತು."

"ಪಾಪ ಪಾಪ ಅಂತ ಬಾಯಾಗ ತುತ್ತು ಇಟ್ರ ಅವ್ರು ಅಗಿಯೂದು ಯಾವಾಗ? ಒಂದ್ಸಲ ತೋರಸ್ರಿ. ಆಮ್ಯಾಲ ಕೈ ಹಿಂದ ಕಟ್ಟಿ, ಬಾಯಿ ಮುಚ್ಚಿ, ನಗುತ್ತ ನಿಲ್ರಿ. ಇದನ್ನ ಮನ್ಯಾಗ ಪ್ರಾಕ್ಟೀಸ್ ಮಾಡ್ರಿ."

ಮೇಡಂ ಪ್ರಾಕ್ಟೀಸ್ ಮಾಡಲು ಹೇಳಿದ್ದು ಇಂಗ್ಲಿಷ್ ಪಾಠವನ್ನು. ಹುಲಿಗೆಮ್ಮನ ಮನೆಯಲ್ಲಿ ಇಂಗ್ಲಿಷ್ ಕಲಿಯುವವರು ಯಾರೂ ಇರಲಿಲ್ಲ. ಇದ್ದವರನ್ನೇ ಹಿಡಿದಳು.

ಮರುದಿನ ಬೆಳಗ್ಗೆ ಗಾದಿಲಿಂಗ ಒದ್ದೆ ಮೈಯಲ್ಲಿ ನಿಂತು ಕೂಗಿದ, "ಏ, ನನ್ನ ಬನಿಯನ್ ಎಲ್ಲೈತಿ?"

ಹುಲಿಗೆಮ್ಮ ಹೊರಬಂದಳು. ಕೈ ಹಿಂದೆ ಕಟ್ಟಿದಳು. ಹುಬ್ಬು ಏರಿಸಿ ನಕ್ಕಳು. ಸುಮ್ಮನೆ ನಿಂತಳು.

"ಬನಿಯನ್ ಅಂದೆ."

ನಗು.

"ಅವ್ವಾ, ಇಕಿ ನೋಡಿಲ್ಲೆ! ಮಾತಾಡವಲ್ಲಳು!"

"ಮೌನ ಹಿಡದಾಳೇನೋ. ಇವತ್ತು ಸ್ವಾಮಾರ ಅಲ್ಲನು?" ಎಂದಳು ಯಮನಮ್ಮ.

ಗಾದಿಲಿಂಗ ಟ್ರಂಕು ತೆಗೆದ, ಮಂಚದ ಕೆಳಗೆ ಬಗ್ಗಿದ, ಏತಕ್ಕೋ ಹಿಟ್ಟಿನ ಡಬ್ಬಿಯನ್ನೂ ನೋಡಿದ. ಮದುವೆಯಾದಂದಿನಿಂದ ಬನಿಯನ್ ಒಣಗುತ್ತಿದ್ದ ಹಿತ್ತಲ ತಂತಿಯ ಮೇಲೆ ಕೊನೆಗೂ ಅದು ಕಂಡಿತು.

"ವೆರಿ ಗುಡ್!" ಹುಲಿಗೆಮ್ಮ ಚಪ್ಪಾಳೆ ತಟ್ಟಿದಳು. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ನಾಚಿಕೆ ಮಿಶ್ರಿತ ಖುಷಿ.

ಆ ವಾರ ಅವನಿಗೆ ಚಹಾ ಮಾಡಲು ಬಂತು. ಮುಂದಿನ ವಾರ ಒಗ್ಗರಣೆ ಬಂತು, ಸಾಸಿವೆ ಸಿಡಿದು ಮೂಗಿಗೆ ಬಡಿದರೂ ಬಂತು. ರೊಟ್ಟಿ ಮಾತ್ರ ಒಂದು ಕಡೆ ಹಪ್ಪಳ, ಒಂದು ಕಡೆ ಇಟ್ಟಿಗೆ. ಹುಲಿಗೆಮ್ಮನ ಬೆರಳುಗಳು ಬೆನ್ನ ಹಿಂದೆ ಸುಮ್ಮನಿರಲಾರದೆ ಒದ್ದಾಡುತ್ತಿದ್ದವು. ಎಷ್ಟು ಸಲ ಸೆರಗಿನ ತುದಿಯನ್ನು ತಾನೇ ಹಿಂಡಿಕೊಂಡಳೋ! ಕೆಲಸ ಮಾಡುವುದಕ್ಕಿಂತ ಮಾಡದೆ ನಿಲ್ಲುವುದೇ ಕಷ್ಟ ಎಂದು ಅವಳಿಗೆ ಆಗ ಗೊತ್ತಾಯಿತು.

ಯಮನಮ್ಮ ಇದನ್ನೆಲ್ಲ ಹೊಸ್ತಿಲಲ್ಲಿ ಕುಳಿತು ನೋಡಿದಳು. ಸೊಸೆಯನ್ನು ಬೈಯುತ್ತಾಳೆಂದು ಗಾದಿಲಿಂಗ ಕಾದ. ಮುದುಕಿ ಅಡಿಕೆ ಕತ್ತರಿಸುತ್ತ, "ಕೈ ಕಟ್ಟಿ ನಿಂದರಾಕೂ ಒಂದು ಟ್ರೇನಿಂಗ್ ಇರತೈತಿ ಅಂತ ನನಗ ಯಾರೂ ಹೇಳಲೇ ಇಲ್ಲಲ್ಲ ಬೇ. ನಿಮ್ಮ ಮಾವ ಉಪ್ಪು ಎಲ್ಲೈತಂತ ಗೊತ್ತಾಗದ ಸತ್ತ," ಎಂದಳು.

ಕೊನೆಯ ಪಾಠದ ಭಾನುವಾರ ಬಂತು. ಜಯಶ್ರೀ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತರು. ಅಂದಿನ ಪಾಠ, ಕೆಲಸಕ್ಕೆ ತಡವಾದರೆ ಸಾಹೇಬರಿಗೆ ಫೋನು ಮಾಡಿ ಹೇಳುವುದು. ಹುಲಿಗೆಮ್ಮ ಸಾಹೇಬಳಾದಳು. ಡಸ್ಟರನ್ನು ಕಿವಿಗೆ ಹಿಡಿದು, "ಹಲೋ, ಮೌಲಾಸಾಬ್! ವೇರ್ ಆರ್ ಯು?" ಎಂದು ಗದರಿಸಿದಳು.

ಮೌಲಾಸಾಬ್ ಎದ್ದು ನಿಂತರು. "ಐ..." ಎಂದರು. ನಿಂತರು. ಸೀಲಿಂಗ್ ಫ್ಯಾನ್ ನೋಡಿದರು. ಹಣೆ ಒರೆಸಿಕೊಂಡರು.

ಉತ್ತರ ಹುಲಿಗೆಮ್ಮನ ನಾಲಿಗೆಯ ತುದಿಯಲ್ಲಿ ಕುಣಿಯಿತು. ಡಸ್ಟರನ್ನು ಮೇಜಿನ ಮೇಲಿಟ್ಟಳು. ಕೈ ಹಿಂದೆ ಕಟ್ಟಿದಳು, ಬಳೆ ಸದ್ದು ಮಾಡದಂತೆ ಬಿಗಿಹಿಡಿದಳು. ಹುಬ್ಬು ಏರಿಸಿ ನಕ್ಕಳು. ಕೆಳಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು. ಪಂಪಾಪತಿ ಹೇಳಿಕೊಡಲು ಹೊರಟವನು ಅವಳ ಕಣ್ಣು ನೋಡಿ ಬಾಯಿ ಮುಚ್ಚಿದ.

"ಐ ಆಮ್ ಆನ್ ರೋಡ್ ಮೇಡಂ," ಎಂದರು ಮೌಲಾಸಾಬ್ ಒಮ್ಮೆಲೇ. "ಟೈರ್ ಪಂಚರ್. ಬಿಗ್ ಪಂಚರ್! ಐ ಕಮ್ ಲೇಟ್. ಯು ಡೋಂಟ್ ಶೌಟ್. ಐ ಆಮ್ ಗುಡ್ ಡ್ರೈವರ್!"

ಮಹಡಿಯೇ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮೌಲಾಸಾಬ್ ಪರೀಕ್ಷೆ ತಾವೇ ಪಾಸಾದಂತೆ ಎಲ್ಲರ ಕೈಕುಲುಕಿದರು. "ಅಕ್ಕಾರ, ನೀವು ಸುಮ್ಮ ನಿಂತ್ರಿ ನೋಡ್ರಿ, ಅದಕ್ಕ ಬಂತು!"

ಜಯಶ್ರೀ ಮೇಡಂ ಅವಳನ್ನು ಮೆಟ್ಟಿಲ ಹತ್ತಿರ ಕರೆದು, "ಪಾಸು. ಕೆಲಸ ನಿಮ್ಮದ. ಇವತ್ತು ಸಂಜಿ ಒಳಗ ಸಿಂಧನೂರಿಗಿ ಹೋಗಿ ಮೆಹಬೂಬ್‌ಬೀಗ ಭೆಟ್ಟಿ ಆಗಿ ಹ್ಞೂಂ ಅನ್ರಿ. ಇಲ್ಲಾಂದ್ರ ಅವ್ರು ಬ್ಯಾರೇದವ್ರನ್ನ ತಗೋತಾರ. ಮನ್ಯಾಗ ಒಂದ್ಮಾತು ಕೇಳ್ರಿ ಮತ್ತ," ಎಂದರು.

ಸಿಂಧನೂರಿನ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಹುಲಿಗೆಮ್ಮ ರೂಢಿಯಂತೆ ಮಸ್ಕಿಗೆ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕುಳಿತಳು. ಊರು ಹತ್ತಿರವಾಗುತ್ತಿದ್ದಂತೆ ಫೋನು ಬಂತು.

"ಎಲ್ಲದೀ? ಅವ್ವಗ ಚಾ ಇಟ್ಟೀನಿ. ಸಕ್ಕರಿ ಡಬ್ಬಿ ಎಲ್ಲೈತಿ?"

ಹುಲಿಗೆಮ್ಮ ಕಿಟಕಿಯ ಕಡೆ ಹುಬ್ಬು ಏರಿಸಿ ನಕ್ಕಳು.

"ಹಲೋ? ಹಲೋ? ರೇಂಜ್ ಇಲ್ಲೇನು?"

ಹಿಂದಿನಿಂದ ಯಮನಮ್ಮನ ದನಿ ಕೇಳಿತು, "ರೇಂಜ್ ಐತಲೇ! ಅಕಿ ಪಾಠ ಮಾಡಾಕತ್ಯಾಳ, ಹುಡುಕು!"

ಡಬ್ಬಿಗಳು ಉರುಳಿದ ಸದ್ದು. "ಹಾಂ, ಸಿಕ್ತು! ಸಿಕ್ತಲ್ಲಲೇ!"

"ವೆರಿ ಗುಡ್," ಎಂದು ಹೇಳಿ ಅವಳು ಫೋನಿಟ್ಟಳು. ಪಾಸಾದದ್ದನ್ನು ಹೇಳಿರಲಿಲ್ಲ. ಸಿಂಧನೂರಿನ ಮಾತು ಕೇಳಿರಲಿಲ್ಲ. ಕೇಳಿದರೆ ಬರುವ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು.

"ಮಸ್ಕಿ, ಯಾರ್ರೀ ಮಸ್ಕಿ!" ಕಂಡಕ್ಟರ್ ಕೂಗಿದ. ಚೀಲ, ಕೂಸು, ಕೊಡಗಳೆಲ್ಲ ಇಳಿದವು. ಅವನು ಅವಳ ಹತ್ತಿರ ಬಂದು ನಿಂತ.

"ಯಕ್ಕಾ, ನಿಮ್ದು ಮಸ್ಕಿ ಅಲ್ಲೇನು? ಎಲ್ಲಿಗಿ ಮತ್ತ?"

ಹುಲಿಗೆಮ್ಮ ಬಾಗಿಲ ಕಡೆ ನೋಡಿದಳು. ಹೊರಗೆ ತಮ್ಮ ಓಣಿಯ ತಿರುವು ಕಾಣುತ್ತಿತ್ತು. ಬಸ್ಸು ಗುರುಗುಟ್ಟುತ್ತ ಕಾಯಿತು, ಕಂಡಕ್ಟರ್ ಕಾದ. ಈ ಸಲ ಹೇಳಿಕೊಡುವವರು ಯಾರೂ ಇರಲಿಲ್ಲ.

"ಸಿಂಧನೂರು," ಎಂದಳು. "ಒಂದು."