ಆ ಮನೆಯವಳು

ಅಮೆರಿಕದ ಮಿಲ್ಪಿಟಾಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಮೆಷಿನ್ನುಗಳೆಲ್ಲ ಕೆಳಗಿನ ಒಂದೇ ಕೋಣೆಯಲ್ಲಿದ್ದವು. ಎಂಬತ್ತರ ದಶಕದ ಆರಂಭ. ನನ್ನ ಮಗಳಿಗೆ ಆಗಷ್ಟೇ ಹಲ್ಲು ಬರುತ್ತಿತ್ತು. ಮಗುವನ್ನು ನೋಡಿಕೊಳ್ಳಲು ಮಂಡ್ಯ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಒಂದು ದಿನ ಆ ಕೋಣೆಯಿಂದ ಏದುಸಿರು ಬಿಡುತ್ತ ಬಂದರು.

"ಅಲ್ಲಿ ಯಾರೋ ಮೆಷಿನ್ನಿಗೆ ನಮ್ಮೂರ್ ಮಾತ್ನಲ್ಲಿ ಬಯ್ತಾವ್ರೆ, ಬಾ ಮಗ!"

ಬೈಯುತ್ತಿದ್ದವರು ಮೇಲಿನ ಮನೆಗೆ ಮಗಳ ಬಾಣಂತನಕ್ಕೆ ಬಂದಿದ್ದ ಹೆಂಗಸು. ಅತ್ತೆಯ ಹಾಗೆ ಅವರೂ ಗಂಡನನ್ನು ಕಳೆದುಕೊಂಡಿದ್ದರು. ಊರು ಯಾವುದೆಂದರೆ "ಮೈಸೂರು" ಎಂದಷ್ಟೇ ಹೇಳಿ ಮಾತು ತಿರುಗಿಸಿದರು. ಅತ್ತೆಯೂ ಕೆದಕಲಿಲ್ಲ. ಅಂದಿನಿಂದ ಇಬ್ಬರೂ ಜೊತೆಗೇ ಸ್ಟ್ರಾಲರು ತಳ್ಳಿದರು. ಪಾಲಕ್ ಸೊಪ್ಪಿನಲ್ಲೇ ಬಸ್ಸಾರು ಮಾಡಿ, ಊರಿಂದ ತಂದ ಹಿಟ್ಟಿನಲ್ಲಿ ಮುದ್ದೆ ಕಟ್ಟಿದರು. ಅತ್ತೆ ನಗುವುದನ್ನು ನಾನು ಸರಿಯಾಗಿ ನೋಡಿದ್ದೇ ಆಗ.

ಒಂದು ಶನಿವಾರ ನಮ್ಮ ಮನೆಯಲ್ಲಿ ಇಬ್ಬರೂ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಮಗುವಿಗೆ ಉಣ್ಣಿಸುತ್ತಿದ್ದೆ. ಯಾವುದೋ ಮಾತಿಗೆ ಅತ್ತೆ ತಮ್ಮ ಅಣ್ಣನ ವಿಷಯ ತೆಗೆದರು. ಅತ್ತೆ ಮದುವೆಯಾಗಿ ಬೇರೆ ಊರು ಸೇರಿದ ಮೇಲೆ ತವರಿನಲ್ಲಿ ನಡೆದದ್ದು. ಗದ್ದೆಗೆ ನೀರು ಕಟ್ಟಲು ಹೋದ ಅಣ್ಣ ಬೆಳಗಾದಾಗ ಕಬ್ಬಿನ ಬದುವಿನ ಮೇಲೆ ಹೆಣವಾಗಿದ್ದ. ತಲೆಗೆ ಕೊಡಲಿ ಏಟು. ನೀರಿನ ಸರದಿಗಾಗಿ ಜಗಳವಾಡಿದ್ದ ಪಕ್ಕದ ಗದ್ದೆಯವನನ್ನು ಪೊಲೀಸರು ಹಿಡಿದರು. ಸಾಕ್ಷಿ ಸಿಗದೆ ಬಿಟ್ಟರು. ಆದರೆ ಊರಿನವರು ಅವನನ್ನು ಬಿಡಲಿಲ್ಲ. ಆ ಮನೆಗೆ ಬೆಂಕಿ ನೀರು ಕೊಡುವವರೂ ಇಲ್ಲವಾಯಿತು.

"ಕೊನಿಗೆ ಊರು ಬುಟ್ಟು ಹೋದ್ರಂತೆ. ಎಲ್ಲಿ ಹಾಳಾಗೋದ್ರೋ," ಎಂದರು ಅತ್ತೆ.

ಮೇಲಿನ ಮನೆಯಾಕೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. "ಆ ಮನೆಯೋಳು ನಾನೇ ಕಣಕ್ಕ."

ಅತ್ತೆ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಆಕೆ ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದರು.

ಆಮೇಲೆ ಇಬ್ಬರೂ ಹೊರಗೇ ಬರಲಿಲ್ಲ. ಒಂದು ಸಂಜೆ ನನ್ನ ಗಂಡ ಆಫೀಸಿಂದ ಬಂದವರು ಸಮಾಧಾನ ಹೇಳಲು ನೋಡಿದರು: "ಹಳೇ ವಿಷ್ಯ ಅವ್ವ, ಬುಟ್ಬುಡು."

"ನಿಂಗೆ ಹಳೇದು. ನಂಗೆ ಅಣ್ಣ ಕಣ್ಲ," ಎಂದರು ಅತ್ತೆ.

ಮುಂದಿನ ವಾರ ಒಂದು ಮಧ್ಯಾಹ್ನ ತಾವಾಗಿಯೇ ಸೀರೆ ಸರಿಮಾಡಿಕೊಂಡು, "ನಡಿ ಮಗ, ಮೇಲಕ್ಕೆ ಹೋಗ್ಬರಾನ," ಎಂದರು. ಜಗಳವಾದರೆ ಹೇಗೆ ಬಿಡಿಸುವುದೆಂದು ಹೆದರುತ್ತ ಮಗುವನ್ನು ಎತ್ತಿಕೊಂಡು ಹಿಂದೆ ಹೋದೆ. ಆಕೆ ಬಾಗಿಲು ತೆಗೆದರು. ಅತ್ತೆ ಒಳಗೂ ಕಾಲಿಡಲಿಲ್ಲ.

"ಒಂದ್ ಮಾತು ಕೇಳ್ತೀನಿ. ನಿನ್ ಗಂಡನೇ ಮಾಡಿದ್ದಾ?"

ಆಕೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. "ನಾನೂ ಕೇಳ್ದೆ ಕಣಕ್ಕ. ಟೇಸನ್ನಿಂದ ಬಂದ ದಿನ್ವೇ ಕೇಳ್ದೆ. 'ನೀನೂ ಕೇಳ್ತೀಯಾ?' ಅಂದ್ರು, ಅಷ್ಟೇಯ. ಸಾಯೋಗಂಟ ಅದರ ಮಾತೆತ್ಲಿಲ್ಲ. ಮಾಡಿದ್ರೋ ಇಲ್ವೋ, ನಂಗೂ ಗೊತ್ತಿಲ್ಲ."

ಅತ್ತೆ ಹೊಸಿಲು ದಾಟಿದರು. ಸೋಫಾದ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಆಕೆಯೂ ಅತ್ತರು, ಆದರೆ ದೂರದಲ್ಲಿ ನಿಂತೇ. ಹತ್ತಿರ ಬರಲು ಧೈರ್ಯವಾಗಿರಲಿಲ್ಲ. "ಬಾ, ಕೂತ್ಕೊ," ಎಂದು ಅತ್ತೆಯೇ ಕರೆದರು.

ಇಳಿದು ಬರುವಾಗ ನಾನು ಕೇಳಿದೆ, "ಅತ್ತೆ, ಅವರ ಮಾತು ನಂಬಿದ್ರಾ?"

"'ಅವ್ರು ಮಾಡಿಲ್ಲ' ಅಂದಿದ್ರೆ ನಂಬ್ತಿರ್ನಿಲ್ಲ. 'ಗೊತ್ತಿಲ್ಲ' ಅಂದ್ಲು, ನಂಬ್ದೆ. ಅವ್ಳೂ ನನ್ನಂಗೇ ಕತ್ಲಲ್ಲಿ ಅವ್ಳೆ."

ಕೊಂದವರು ಯಾರೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಊರಿಗೆ ಹಿಂತಿರುಗಿ ಒಂದೆರಡು ವರ್ಷಕ್ಕೆ ಅತ್ತೆ ತಮ್ಮ ಕೊನೆಯ ಮಗಳ ಮದುವೆಗೆ ಆಕೆಯನ್ನು ಮೈಸೂರಿನಿಂದ ಕರೆಸಿದರು. ನಾವೂ ಹೋಗಿದ್ದೆವು. ಪಂಕ್ತಿಯಲ್ಲಿ ಆಕೆಯನ್ನು ಗುರುತು ಹಿಡಿದ ಅತ್ತೆಯ ಅಣ್ಣನ ಮಕ್ಕಳು ಎಲೆ ಬಿಟ್ಟು ಎದ್ದು ಹೊರಟರು. ಆಕೆಯೂ ಏಳಹೋದರು. ಅತ್ತೆ ಭುಜ ಹಿಡಿದು ಕೂರಿಸಿದರು.

"ಅವ್ರ ಅಪ್ಪ, ಅವ್ರ ಸಂಕ್ಟ. ಅವ್ರದ್ದು ತಪ್ಪಲ್ಲ," ಎಂದರು. "ನೀನು ಉಣ್ಣು."

ಅನ್ನದ ಬಕೆಟ್ಟನ್ನು ಬಡಿಸುವವನ ಕೈಯಿಂದ ತಾವೇ ತೆಗೆದುಕೊಂಡು ಆಕೆಯ ಎಲೆಗೆ ಬಡಿಸಿದರು.